ಚಿಲಕನಿಗೆ ಎಂಟನೇ ಮೆಟ್ಟಿಲು

ಜಾಸ್ತಿ ಆಯ್ತಾ? ಏನು ಜಾಸ್ತಿ ಆಯ್ತು? ಆಟದಲ್ಲಿ ಮೆಟ್ಟಿಲು ಕೊಟ್ಟಿದ್ದು ಜಾಸ್ತಿ ಆಯ್ತು ಅಂತ ಜಗಳಕ್ಕೆ ನಿಂತೋನು ಈ ಭೂಮಿ ಮೇಲೆ ನೀನೊಬ್ಬನೇ ಇರಬೇಕು ಕಣೋ. ಕಮ್ಮಿ ಆಯ್ತು ಅಂತ ಮುನಿಸ್ಕೊಂಡೋರನ್ನ ನೋಡಿದ್ದೀನಿ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡೋ ನಮ್ಮ ಕನ್ನಡಕ ಒಂದ್ಸಲ ದಾಳ ಎಸೆದು ಎದ್ದು ಹೋಗಿದ್ದ, ನೆನಪಿದ್ಯಾ... ಆಮೇಲೆ ಛತ್ರಿ ಮರೆತೆ ಅಂತ ನೆಪ ಹೇಳ್ಕೊಂಡು ಬಂದು ಸುಮ್ಮನೆ ಮತ್ತೆ ಕೂತ. ಅವನ ಹತ್ರ ಛತ್ರಿಯೇ ಇರಲಿಲ್ಲ.

ತಡಿ, ಅಂಗಡಿ ಬಾಗಿಲು ಸ್ವಲ್ಪ ಮುಂದೆ ಮಾಡ್ತೀನಿ. ಗಾಳಿಗೆ ದಾರದ ಚೂರೆಲ್ಲ ಮೇಜಿನ ಮೇಲೆ ಬರ್ತಿದೆ. ನೀನು ಏಳಬೇಡ, ನಾನೇ ಹೋಗ್ತೀನಿ. ಕೂತ್ಕೋ ಅಂದೆನಲ್ಲ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ, ಇಲ್ಲಿ ಬಾ, ಮಿಷನ್ನಿನ ಪಕ್ಕ. ಬಿಸಿಲು ಬೀಳುತ್ತೆ ಇಲ್ಲಿ. ಕಾಲ ಮೇಲೆ ಆ ಉಣ್ಣೆ ಬಟ್ಟೆ ಹಾಕ್ಕೋ. ಯಾರದ್ದಾದ್ರೇನು, ಗಿರಾಕಿ ಬರೋದು ನಾಳೆ.

ಹೂಂ, ಹೇಳು ಈಗ. ಡ್ರಾಯಿಂಗ್ ಮೇಷ್ಟ್ರು, ಕನ್ನಡಕ ಇಬ್ಬರ ಮುಂದೆ ಹೇಳೋಕೆ ಸಂಕೋಚ ಆಯ್ತು ಅಂದ್ಯಲ್ಲ, ಸರಿ, ಈಗ ಅಕ್ಕ ತಮ್ಮ ಇಬ್ಬರೇ. ಆಟ ಸಪ್ಪೆ ಆಗ್ತಿದ್ಯಾ? ಇವತ್ತು ಕಥೆಯಲ್ಲಿ ನಿನ್ನ ವೇಷ, ಚಿಲಕನಿಗೆ ಎಂಟನೇ ಮೆಟ್ಟಿಲು ಕೊಟ್ಟೆ. ಮೇಷ್ಟ್ರು ಚಪ್ಪಾಳೆ ಹೊಡೆದ್ರು. ಕನ್ನಡಕ ಮೇಜು ಕುಟ್ಟಿದ, ಸೂಜಿ ಡಬ್ಬಿ ಬಿದ್ದು ಚೆಲ್ಲಾಪಿಲ್ಲಿ ಆಯ್ತು. ನೀನು ಮಾತ್ರ ಮಗ್ಗಿ ತಪ್ಪಿದ ಹುಡುಗನ ಹಾಗೆ ಮುಖ ಸಣ್ಣ ಮಾಡ್ಕೊಂಡು ಕೂತೆ. ಕೊಟ್ಟಿದ್ದನ್ನ ತಗೊಳ್ಳೋಕೆ ನಿಂಗೇನು ರೋ... ನಿಂಗೇನು ಕಷ್ಟ ಅಂತ.

ಏನಿಲ್ಲ. ಮಾತು ತೊದಲಿತು ಅಷ್ಟೆ. ಬೆಳಗ್ಗೆಯಿಂದ ಕಥೆ ಹೇಳಿ ಹೇಳಿ ಗಂಟಲು ಒಣಗಿದೆ.

ಮಹಡಿ ಮನೆ ಅಜ್ಜಿ ಮೊನ್ನೆ ಕೋಟಿಗೆ ಗುಂಡಿ ಹಾಕಿಸೋಕೆ ಬಂದಿದ್ರು. ವಾರವಾರ ಈ ಬಟ್ಟೆ ಕತ್ತರಿಸೋ ಮೇಜಿನ ಸುತ್ತ ಕೂತು ಏನಮ್ಮ ಮಾಡ್ತೀರಿ, ಇಸ್ಪೀಟಾ ಅಂತ ಕೇಳಿದ್ರು. ಅಲ್ಲಜ್ಜಿ, ನಾನೊಂದು ಕಥೆ ಹೇಳ್ತೀನಿ, ಅವರು ಮೂರು ಜನ ಒಂದೊಂದು ವೇಷ ತಗೊಂಡು ಆ ಕಥೆಯೊಳಗೆ ಹೋಗ್ತಾರೆ, ಏನು ಮಾಡ್ತೀವಿ ಅಂತ ಅವರೇ ಹೇಳ್ತಾರೆ, ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ, ಬಿದ್ದೂ ಎದ್ದೂ ಕಲಿತ ಹಾಗೆಲ್ಲ ನಾನು ಅವರನ್ನ ಒಂದೊಂದು ಮೆಟ್ಟಿಲು ಹತ್ತಿಸ್ತೀನಿ ಅಂದೆ. ಅಜ್ಜಿ ಗುಂಡಿ ಆರಿಸ್ತಾ, ಅದಕ್ಕೆ ಮೇಜು ಯಾಕಮ್ಮ, ಎಲ್ಲರೂ ಅವರವರ ಮನೇಲಿ ಅದನ್ನೇ ತಾನೆ ಮಾಡ್ತಿರೋದು ಅಂದ್ರು.

ನಗು, ನಗು. ನೀನು ನಗೋದು ಕೇಳಿ ಎಷ್ಟು ದಿನ ಆಯ್ತು... ಅರೆ, ಯಾಕೆ ಹೊಟ್ಟೆ ಹಿಡ್ಕೊಂಡೆ? ನೋವಾ? ಹೊಲಿಗೆ ಹಾಕಿದ ಜಾಗ ಎಳೀತಾ? ಎಳೆಯುತ್ತೆ, ಎಳೆಯುತ್ತೆ, ಆಪರೇಷನ್ ಆದ ಮೇಲೆ ಎಲ್ಲರಿಗೂ ಎಳೆಯುತ್ತೆ. ಆ ಆಸ್ಪತ್ರೆಯೋರ ಹೊಲಿಗೆ ನೋಡಿದ್ದೀನಲ್ಲ ನಾನು, ಗೋಣಿಚೀಲಕ್ಕೆ ಹಾಕೋ ಹಾಗೆ ಹಾಕಿದ್ದಾರೆ. ನನ್ನ ಕೈಗೆ ಕೊಟ್ಟಿದ್ರೆ ಗೀರು ಕಾಣದ ಹಾಗೆ ಹಾಕ್ತಿದ್ದೆ. ನೀರು ಕುಡಿ.

ಆಯ್ತಪ್ಪ, ಮಾತು ಮರೆಸ್ತಿಲ್ಲ. ನಿನ್ನ ದೂರಿಗೇ ಬರ್ತೀನಿ.

ಒಪ್ಕೋತೀನಿ, ಮೊದಲು ನಾನು ಜುಗ್ಗಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ದಾಳ ಒಳ್ಳೇದು ಬಿದ್ದರೂ ಈ ಅಕ್ಕ ಮೆಟ್ಟಿಲು ಕೊಡಲ್ಲ ಅಂತ ಕನ್ನಡಕ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದ. ಒಂದು ಚಳಿಗಾಲ ಪೂರ್ತಿ ನಿಮ್ಮನ್ನ ಮೊದಲನೇ ಮೆಟ್ಟಿಲಿನಲ್ಲೇ ಕೂರಿಸಿದ್ದೆ. ನಿನ್ನ ಚಿಲಕ ಬೀಗ ತೆಗೆಯೋನು ಅಂತ ಹೆಸರಿಗೆ. ಬರ್ತಿದ್ದಿದ್ದು ಎಷ್ಟು? ಆ ಹಿಟ್ಟಿನ ಉಗ್ರಾಣದ ಬೀಗಕ್ಕೆ ತಂತಿ ಹಾಕಿ, ತಂತಿ ಒಳಗೇ ಮುರಿದು, ಅದನ್ನ ತೆಗೆಯೋಕೆ ಹೋಗಿ ಬೆರಳು ಸಿಕ್ಕಿಹಾಕ್ಕೊಂಡು, ನಾಯಿ ಬಂದು... ಹೂಂ, ನಾಯಿ. ಮೇಷ್ಟ್ರು ಮದ್ದು ಅರೆಯೋ ವೈದ್ಯ ಅಂತ ಜಂಬ ಕೊಚ್ಕೊಂಡಿದ್ದೋರು, ದಾಳ ಹಾಕಿದ್ರೆ ಒಂದು ಬಿತ್ತು. ನಿನ್ನ ಗಾಯಕ್ಕೆ ಮದ್ದಿನ ಬದಲು ಮೆಣಸಿನಪುಡಿ ಹಚ್ಚಿದ್ರು. ಚಿತ್ರ ಬಿಡಿಸೋದು ಕಲಿಸೋ ಮನುಷ್ಯ, ಪಾಪ, ನಗೋಕೂ ಬರಲ್ಲ ಅಳೋಕೂ ಬರಲ್ಲ. ಎರಡು ವಾರ ನಿನ್ನ ಮುಖ ನೋಡಿ ಕ್ಷಮಿಸಪ್ಪ ಅಂತಿದ್ರು.

ಅದೇ ಚೆನ್ನಾಗಿತ್ತು ಅಂತೀಯಾ?

ಈಗ ಯಾವ ಬೀಗಾನೂ ಬೀಗದ ಹಾಗೆ ಇಲ್ಲ... ಮುಟ್ಟೋಕೆ ಮುಂಚೆ ತೆಗೆದುಕೊಳ್ಳುತ್ತೆ... ನಾಲ್ಕನೇ ಮೆಟ್ಟಿಲಿನಲ್ಲಿ ಕಲಿತಿದ್ದನ್ನ ಒಂದ್ಸಲನೂ ಮಾಡಿ ನೋಡೋಕೆ ಆಗಲಿಲ್ಲ, ಅಷ್ಟರಲ್ಲಿ ಐದು ಬಂತು ಅಂತೀಯ. ಹೂಂ. ಹೂಂ. ಇರಬಹುದು. ನಿಂಗೆ ಹಾಗೆ ಅನ್ನಿಸಿರಬಹುದು. ಆದ್ರೆ ಲೋ, ದಿನವಿಡೀ ಲಿಫ್ಟು ರಿಪೇರಿ ಮಾಡಿ ಜನರನ್ನ ಮೇಲಕ್ಕೆ ಕಳಿಸೋನು ನೀನು. ಬೇಗ ಮೇಲೆ ಹೋದೆ ಅಂತ ಯಾರಾದ್ರೂ ನಿನ್ನ ಹತ್ರ ಅತ್ತಿದ್ದಾರಾ?

ಏನು? ಮಧ್ಯದ ಮಹಡಿಯಲ್ಲಿ ನಿಲ್ಲದೇ ಹೋದ್ರೆ ಅದನ್ನ ಕೆಟ್ಟಿದೆ ಅಂತಾರಾ? ಮಾತಿನಲ್ಲಿ ನಿನ್ನ ಸೋಲಿಸೋಕೆ ಆಗಲ್ಲ ಬಿಡು. ಅಮ್ಮ ಹೇಳ್ತಿದ್ಲು, ಇವನು ಹುಟ್ಟಿದ ತಕ್ಷಣ ಅಳಲಿಲ್ಲ, ವಾದಕ್ಕೆ ನಿಂತ ಅಂತ.

ನೋಡು, ನನ್ನ ಲೆಕ್ಕ ಕೇಳು. ನಿಧಾನಕ್ಕೆ ಮೆಟ್ಟಿಲು ಕೊಡೋದು ಯಾಕೆ? ಆಟ ನಡೀತಾ ಇರಲಿ ಅಂತ. ಮುಂದೆ ಏನೋ ಇದೆ ಅನ್ನೋ ಆಸೆ ಇರಲಿ ಅಂತ. ಆದ್ರೆ ಆ ಆಸೆಯಲ್ಲೇ ಎಷ್ಟು ಜನರ ಆಟ ಅರ್ಧಕ್ಕೆ ನಿಂತಿದೆ ಗೊತ್ತಾ? ಕನ್ನಡಕ ಕೆಲಸ ಮಾಡೋ ಅಂಗಡಿ ಯಜಮಾನರು ಮದುವೆಗೆ ಮುಂಚೆ ಹೀಗೇ ಆಡ್ತಿದ್ರಂತೆ. ಅವರ ಗುಂಪು ಐದನೇ ಮೆಟ್ಟಿಲು ದಾಟಲೇ ಇಲ್ಲ. ಒಬ್ಬನಿಗೆ ಬೇರೆ ಕಡೆ ಕೆಲಸ, ಒಬ್ಬನಿಗೆ ಮಗು, ಇನ್ನೊಬ್ಬನಿಗೆ ಸುಮ್ಮನೆ ಬೇಜಾರು. ಅವರ ಕಥೆಯ ರಾಕ್ಷಸ ಇವತ್ತಿಗೂ ಗುಹೆಯಲ್ಲಿ ಕಾಯ್ತಾ ಕೂತಿದ್ದಾನಂತೆ, ಯಾರೂ ಹೋಗಲಿಲ್ಲ. ಪಾಪ ಅಲ್ವಾ? ಕೊಡೋದನ್ನ ಕೈಯಲ್ಲಿ ಬಿಗಿ ಹಿಡ್ಕೊಂಡು ಕೂತ್ರೆ ಯಾರಿಗೆ ಏನು ಸಿಗುತ್ತೆ? ಕೊಡೋದಿದ್ರೆ ಕೊಟ್ಟುಬಿಡಬೇಕು. ಈಗ ನನ್ನ ಬುದ್ಧಿ ಬದಲಾಗಿದೆ, ಅಷ್ಟೆ. ಮನುಷ್ಯರಿಗೆ ಬುದ್ಧಿ ಬದಲಾಗಬಾರದಾ?

ನಾನೇ? ನಾನು ಯಾವಾಗ ಹಾಗೆ ಹೇಳಿದ್ದೆ?

ಓಹೋ. ಆ ಗಾದೆ. ಮೂರನೇ ಮೆಟ್ಟಿಲಿನಲ್ಲಿ ನೀವೆಲ್ಲ ಗಲಾಟೆ ಮಾಡಿದಾಗ ಹೇಳ್ತಿದ್ದೆ, ಹೌದು. ಸೀಮೆಸುಣ್ಣದಲ್ಲಿ ಈ ಮೇಜಿನ ಮೇಲೆ ದೊಡ್ಡದಾಗಿ ಬರೆದಿದ್ದೆ ಕೂಡ. ತಾಳಿದವನು... ಹೂಂ, ಅದೇ. ಗಾದೆ ಎಲ್ಲರಿಗೂ ಗೊತ್ತಿದೆ, ಪೂರ್ತಿ ಹೇಳೋದು ಏನು ಬಂತು.

ಇಲ್ಲ, ಹೇಳಲ್ಲ. ಯಾಕೆ ಹೇಳಿಸ್ತೀಯ? ನಾನೇನು ಶಾಲೆ ಮಗುನಾ, ನಿಂತ್ಕೊಂಡು ಗಾದೆ ಒಪ್ಪಿಸೋಕೆ? ಟೀ ಆರ್ತಿದೆ ಕುಡಿ. ಸಕ್ಕರೆ ಹಾಕಿದ್ದೀನಿ ಇವತ್ತು. ಡಾಕ್ಟ್ರಮ್ಮ ಇನ್ನು ಏನು ಬೇಕಾದ್ರೂ ತಿನ್ನಲಿ ಕುಡಿಯಲಿ ಅಂದಿದ್ದಾರೆ. ಹುಷಾರಾಗ್ತಿದ್ದಾನೆ ಅಂತಲೇ ತಾನೆ ಹಾಗನ್ನೋದು. ಪಥ್ಯ ಬಿಡಿಸಿದ್ರು ಅಂದ್ರೆ ಒಳ್ಳೇದು ಕಣೋ.

ಬಾಗಿಲ ವಿಷಯ ಮಾತಾಡು. ಬೆಟ್ಟದ ಮೇಲಿನ ಬಾಗಿಲು. ಬೀಗದ ಕಣ್ಣೇ ಇಲ್ಲದ ಬಾಗಿಲು. ಮೊದಲನೇ ದಿನ ಕಥೆಯಲ್ಲಿ ಯಾವನೋ ಮುದುಕ ಅದರ ಸುದ್ದಿ ಹೇಳಿದ್ದೇ ತಡ, ನೀನು ಚಾಪೆ ಸುತ್ತಿದ ಹಾಗೆ ಬೇರೆಲ್ಲ ಆಸೆ ಸುತ್ತಿಟ್ಟೆ. ಹಿಂದೆ ಏನಿದೆ ಅಕ್ಕ, ಹಿಂದೆ ಏನಿದೆ. ಊಟ ಮಾಡ್ತಾ ಕೇಳ್ತಿದ್ದೆ. ಲಿಫ್ಟಿನ ಕೆಳಗಿನ ಗುಂಡಿಯೊಳಗಿಂದ ಫೋನ್ ಮಾಡಿ ಕೇಳಿದ್ದೀಯ ಒಂದ್ಸಲ, ಪುಣ್ಯಾತ್ಮ, ನಾನು ಏನೋ ಅನಾಹುತ ಆಯ್ತು ಅಂತ ಕತ್ತರಿ ಕಾಲ ಮೇಲೆ ಬೀಳಿಸ್ಕೊಂಡೆ. ಹತ್ತನೇ ಮೆಟ್ಟಿಲಿನ ಕೈಗೆ ಮಾತ್ರ ಅದು ತೆಗೆದುಕೊಳ್ಳೋದು ಅಂತ ಹೇಳಿದ್ದೆ. ಈಗ ಎಂಟು. ಬರೋ ವಾರ ಒಂಬತ್ತು ಮಾಡ್ತೀನಿ, ಅದರಾಚೆ ವಾರ ಹತ್ತು. ನೀನೇ ನಿನ್ನ ಕೈಯಾರೆ ತೆಗೀಬೇಕು. ನಾನು ಅದನ್ನ ನೋಡಬೇಕು. ಇಷ್ಟೇ ನನ್ನ ಆಸೆ, ಇದರಲ್ಲಿ ತಪ್ಪೇನಿದೆ?

ಅವಸರ ಏನು ಅಂದ್ರೆ... ಅವಸರ ಅಂತ ಏನಿಲ್ಲ.

ಮೇಷ್ಟ್ರಿಗೆ ವರ್ಗ ಆಗೋ ಹಾಗಿದೆ. ಹೂಂ ಮತ್ತೆ. ಅವರು ಹೋಗೋದ್ರೊಳಗೆ ಕಥೆ ಮುಗಿಸೋಣ ಅಂತ... ಅವರನ್ನೇ ಕೇಳಿದ್ಯಾ? ಯಾವಾಗ ಕೇಳಿದೆ? ಇವತ್ತು ಬರ್ತಾನೇ ಕೇಳಿದ್ಯಾ? ವರ್ಗ ಗಿರ್ಗ ಏನಿಲ್ಲ ಅಂದ್ರಾ. ಹಾಗಾದ್ರೆ ನಾನೇ ತಪ್ಪು ಕೇಳಿಸ್ಕೊಂಡಿರಬೇಕು, ಮಿಷನ್ ಸದ್ದಿನಲ್ಲಿ ಏನು ಕೇಳಿಸುತ್ತೆ. ಅದೂ ಅಲ್ಲದೆ ನಂಗೂ ಈ ಕಥೆ ಸಾಕಾಗಿದೆ ಕಣೋ. ಅದೇ ಬೆಟ್ಟ, ಅದೇ ಹಿಮ. ಹೊಸ ಕಥೆ ಶುರು ಮಾಡೋಣ. ಹಡಗಿನ ಕಥೆ ಮಾಡ್ತೀನಿ. ಕನ್ನಡಕ ಅಡುಗೆಭಟ್ಟ ಆಗ್ತೀನಿ ಅಂತಿದ್ದಾನೆ. ಮೇಷ್ಟ್ರು ಚುಕ್ಕಾಣಿ ಹಿಡಿತಾರಂತೆ.

ನೀನಾ? ನೀನು... ನೀನು ಏನು ಬೇಕಾದ್ರೂ ಆಗಬಹುದಪ್ಪ. ಅದನ್ನ ಆಗ ನೋಡೋಣ. ನಿಂಗೆ ಅಂತ ಜಾಗ ಇಟ್ಟಿದ್ದೀನಿ. ಇಟ್ಟಿಲ್ಲ ಅಂತ ಹೇಳಿದ್ನಾ? ಮರೆತು ಹೋಗಿದ್ದು ಅಷ್ಟೆ, ಮೂರು ಹೆಸರಿನಲ್ಲಿ ಒಂದು ಹೇಳೋದು ಮರೆತ್ರೆ ದೊಡ್ಡ ಅಪರಾಧ ಮಾಡಿದ ಹಾಗೆ ನೋಡ್ತೀಯಲ್ಲ.

ಹಾಗೆ ನೋಡಬೇಡ ಕಣೋ. ನನ್ನ ಮುಖದಲ್ಲಿ ಏನಿದೆ?

ಆಸ್ಪತ್ರೆಗೂ ಆಟಕ್ಕೂ ಏನು ಸಂಬಂಧ? ರಿಪೋರ್ಟ್ ಚೆನ್ನಾಗಿ ಬಂದಿದೆ ಅಂತ ಹೇಳಿದ್ದೀನಿ, ಎಷ್ಟು ಸಲ ಹೇಳಲಿ. ಡಾಕ್ಟ್ರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದಿದ್ದು ಮಾತ್ರೆ ಯಾವಾಗ ಯಾವಾಗ ಅಂತ ಹೇಳೋಕೆ. ನೀನು ಮರೆಗುಳಿ ಅಂತ ಅವರಿಗೂ ಗೊತ್ತಾಗಿದೆ. ಅಷ್ಟು ಹೊತ್ತು ಯಾಕೆ ಅಂದ್ರೆ ಅವರ ಬಿಳಿ ಕೋಟಿನ ಜೇಬು ಹರಿದಿತ್ತು, ಅದರ ಮಾತು ಬಂತು. ನಾನು ಹೊಲಿಯೋಳು, ಹರಿದ ಜೇಬು ಕಂಡ್ರೆ ಸುಮ್ಮನಿರ್ತೀನಾ? ಕಣ್ಣು ಕೆಂಪಾಗಿದ್ದು... ಆಸ್ಪತ್ರೆ ಫಿನಾಯಿಲ್ ವಾಸನೆಗೆ. ನಂಗೆ ಮೊದಲಿಂದಲೂ ಆಗಿಬರಲ್ಲ ಅದು.

ನೋಡು, ನಿಂಗೆ ನಾನು ಇಷ್ಟು ಬೇಗ ಮೆಟ್ಟಿಲು ಕೊಟ್ಟಿದ್ದು ಪಕ್ಷಪಾತ ಅಂತ ಅನ್ನಿಸಿದ್ರೆ, ಹೌದು, ಪಕ್ಷಪಾತವೇ. ಎಲ್ಲರಿಗೂ ಸಮ ಕೊಟ್ಟೆ, ಆದ್ರೆ ನಿನಗೋಸ್ಕರ ಕೊಟ್ಟೆ. ಯಾಕೆ ಕೊಡಬಾರದು? ಕನ್ನಡಕನಿಗೆ ಗೆಲ್ಲೋದು ಬೇಕು, ಮೇಷ್ಟ್ರಿಗೆ ಜೊತೆ ಬೇಕು. ನೀನು ಮಾತ್ರ ಆ ಬೀಗದ ಮುಂದೆ ಕೂತು ಕಿವಿ ಇಟ್ಟು ಕೇಳ್ತಿದ್ದೆ. ಒಳಗೆ ಹಲ್ಲು ಎಷ್ಟಿವೆ ಅಕ್ಕ, ತುಕ್ಕು ಇದ್ಯಾ, ಕೊನೇ ಸಲ ಇದನ್ನ ಯಾರು ಹಾಕಿದ್ರು, ಸಿಟ್ಟಿನಲ್ಲಿ ಹಾಕಿದ್ರಾ ಭಯದಲ್ಲಿ ಹಾಕಿದ್ರಾ ಅಂತ ಕೇಳೋನು. ನಾನು ಯೋಚನೆಯೇ ಮಾಡದಿದ್ದನ್ನ ಕೇಳಿ ನನ್ನ ಬಾಯಿಂದ ಕಥೆ ಹೊರಡಿಸೋನು. ನಾಯಿ ಕಚ್ಚಿದ ಮೇಲೂ ಆ ನಾಯಿಗೆ ಒಂದು ಹೆಸರಿಟ್ಟೆ. ನಿಜ ಹೇಳ್ತೀನಿ, ನಿನ್ನ ಮುಂದೆ ಹೊಗಳಬಾರದು, ಆದ್ರೂ ಹೇಳ್ತೀನಿ, ನಮ್ಮ ಟೇಬಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನೀನೇ ಆಡ್ತಿದ್ದೆ.

ಏನು?

ಆಡ್ತಿದ್ದೀಯ ಅಂತಲೇ ಅಂದೆ.

ಆಡ್ತಿದ್ದೆ ಅಂದ್ನಾ? ಇಲ್ಲಪ್ಪ. ಆಡ್ತಿದ್ದೀಯ ಅಂದೆ. ನಿನ್ನ ಕಿವಿ... ಸರಿ, ಹಾಗೆ ಬಂದಿದ್ರೂ ಬಾಯಿ ತಪ್ಪಿ ಬಂದಿರುತ್ತೆ. ಹಳೇ ಆಟದ ಮಾತು ಆಡ್ತಿದ್ದೆವಲ್ಲ, ಅದರ ಗುಂಗಿನಲ್ಲಿ. ಒಂದು ಅಕ್ಷರ ಹಿಡ್ಕೊಂಡು ಎಳೀಬೇಡ ಕಣೋ. ಮಾತಾಡೋವಾಗ ಯಾರು ವ್ಯಾಕರಣ ನೋಡ್ತಾರೆ.

ಟೀ ಲೋಟ ಯಾಕೆ ದೂರ ತಳ್ಳಿದೆ? ಕುಡಿ.

ನಿಂಗೆ ಏನೂ ಆಗಿಲ್ಲ. ಆಗಿದ್ರೆ ಮೈ ಇಳೀಬೇಕಿತ್ತಲ್ಲ? ಕಾಯಿಲೆ ಜೋರಾದೋರು ಕಡ್ಡಿ ಆಗ್ತಾರೆ, ಬಟ್ಟೆ ಹೆಗಲಿಂದ ಜಾರುತ್ತೆ. ನಿನ್ನ ನೋಡ್ಕೋ. ಇದೇ ನೀಲಿ ಅಂಗಿ, ಆಪರೇಷನ್‌ಗೆ ಮುಂಚೆ ಹೇಗಿತ್ತೋ ಹಾಗೇ ಕೂತಿದೆ. ಹೆಗಲು ಸರಿ ಇದೆ, ಎದೆ ಸರಿ ಇದೆ, ತೋಳು ಸರಿ ಇದೆ. ಪ್ಯಾಂಟೂ ಅಷ್ಟೆ, ಬೆಲ್ಟಿಗೆ ಹೊಸ ತೂತು ಬೇಕಾಯ್ತಾ? ಬೇಕಾಗಲಿಲ್ಲ. ಕನ್ನಡಿ ಸುಳ್ಳು ಹೇಳಬಹುದು, ಡಾಕ್ಟ್ರು ಸುಳ್ಳು ಹೇಳಬಹುದು, ಬಟ್ಟೆ ಸುಳ್ಳು ಹೇಳಲ್ಲ. ಇಷ್ಟು ವರ್ಷ ಹೊಲಿದಿರೋಳು ಹೇಳ್ತಿದ್ದೀನಿ, ನಂಬು.

ಯಾಕೆ ಗುಂಡಿ ಬಿಚ್ತಿದ್ದೀಯ? ಸೆಕೆನಾ? ಫ್ಯಾನ್ ಹಾಕ್ಲಾ?

ಅಂಗಿ ಯಾಕೆ ತೆಗೀತೀಯ, ಶೀತ ಆಗುತ್ತೆ. ಬೇಡ. ತಿರುಗಿಸಬೇಡ ಅದನ್ನ. ಒಳಗಡೆ ನೋಡೋಕೆ ಏನಿರುತ್ತೆ, ದಾರ ಗಂಟು ಇರುತ್ತೆ ಅಷ್ಟೆ. ಕೊಡಿಲ್ಲಿ.

ಅದು ಹಳೇ ದಾರ ಲಡ್ಡಾಗಿತ್ತು. ಪಕ್ಕದ ಹೊಲಿಗೆ ಬಿಟ್ಕೊಳ್ತಿತ್ತು, ಅದಕ್ಕೆ ಇನ್ನೊಂದು ಹಾಕಿದೆ. ಒಳಗೆ ಸ್ವಲ್ಪ ಜಾಸ್ತಿ ಹಿಡಿದು ಹಾಕಿದ್ರೆ ಗಟ್ಟಿ ಬರುತ್ತೆ. ಹಾಗೇ ಮಾಡೋದು.

ಎಣಿಸಬೇಡ ಕಣೋ ಅದನ್ನ. ನಿಂಗೆ ಕೈ ಮುಗೀತೀನಿ.

...

ಹೂಂ. ಮೂರು ಸಾಲು. ಒಂದು ಮೊದಲಿಂದಲೂ ಇದ್ದಿದ್ದು. ಇನ್ನೊಂದು ನೀನು ಆಸ್ಪತ್ರೆಯಿಂದ ಬಂದ ಮೇಲೆ. ಇನ್ನೊಂದು ಹೋದ ವಾರ, ನೀನು ಮಧ್ಯಾಹ್ನ ಮಲಗಿದ್ದಾಗ. ಎಲ್ಲ ಅಂಗಿಗೂ ಒಳಗೆ ಹಿಡಿದು ಬಿಗಿ ಮಾಡಿದ್ದೀನಿ. ಪ್ಯಾಂಟಿನ ಸೊಂಟಕ್ಕೂ. ಒಗೆಯೋಕೆ ಹಾಕು ಅಂತ ಇಸ್ಕೊಳ್ತಿದ್ದೆ, ಹಿಡಿದು, ಇಸ್ತ್ರಿ ಮಾಡಿ, ಮಡಿಚಿ ಮತ್ತೆ ನಿನ್ನ ಕಪಾಟಿನಲ್ಲೇ ಇಡ್ತಿದ್ದೆ. ಬೆಳಗ್ಗೆ ಹಾಕ್ಕೊಂಡಾಗ ನಿಂಗೆ ದೊಗಳೆ ಅನ್ನಿಸಬಾರದು ಅಂತ. ಇನ್ನೇನು ಮಾಡ್ಲಿ ಹೇಳು, ನಂಗೆ ಬರೋ ಕೆಲಸ ಅದೊಂದೇ.

ಬಯ್ಯಿ. ಅಕ್ಕ ಅಂತ ನೋಡಬೇಡ, ಬಯ್ದುಬಿಡು.

ನಿಂಗೆ ಮುಂಚೆನೇ ಗೊತ್ತಿತ್ತಾ? ಅಂಗಿಯಿಂದ ಅಲ್ಲ. ಇವತ್ತು ಅಂಗಿ ತಿರುಗಿಸೋಕೆ ಮುಂಚೆನೇ ಗೊತ್ತಿತ್ತು ನಿಂಗೆ. ಮೆಟ್ಟಿಲಿಂದ... ಮೂರರಿಂದ ನಾಲ್ಕಕ್ಕೆ ಒಂದು ವರ್ಷ ಕಾಯಿಸಿದ ಅಕ್ಕ ವಾರಕ್ಕೊಂದು ಕೊಡೋಕೆ ಶುರು ಮಾಡಿದಾಗಲೇ ಗೊತ್ತಾಯ್ತಾ? ಜುಗ್ಗಿ ದಾನ ಮಾಡೋಕೆ ಕೂತ್ರೆ ಯಾರಿಗೆ ತಾನೆ ಅನುಮಾನ ಬರಲ್ಲ. ಡಾಕ್ಟ್ರಮ್ಮನ ಮುಂದೆ ಅಳದೆ ಕೂತೆ. ಮೇಷ್ಟ್ರಿಗೆ, ಕನ್ನಡಕನಿಗೆ ಒಂದು ಮಾತು ಹೇಳಲಿಲ್ಲ. ಅಷ್ಟೆಲ್ಲ ಬಚ್ಚಿಟ್ಟೋಳು, ನಿನ್ನ ಮುಂದೆ ಕೈತುಂಬ ಮೆಟ್ಟಿಲು ಸುರಿದು ನಾನೇ ಹೇಳ್ಕೊಂಡೆ.

ಹೂಂ. ಡಾಕ್ಟ್ರಮ್ಮ ಇನ್ನು ಏನೂ ಮಾಡೋಕಾಗಲ್ಲ ಅಂದ್ರು. ಎಷ್ಟು ದಿನ ಅಂತ ನಾನು ಕೇಳಲಿಲ್ಲ. ಅವರು ಹೇಳೋಕೆ ಬಾಯಿ ತೆಗೆದ್ರು, ನಾನು ಜೇಬಿನ ಮಾತು ತೆಗೆದೆ. ಮಳೆಗಾಲದವರೆಗೂ ಕಾಯೋ ಕೆಲಸ ಯಾವುದೂ ಇಟ್ಕೋಬೇಡಿ ಅಂದ್ರು, ಅಷ್ಟು ಕಿವಿಗೆ ಬಿತ್ತು. ಹೊರಗೆ ನೀನು ಬೆಂಚಿನ ಮೇಲೆ ಕೂತು ಪಕ್ಕದ ಮಗುವಿಗೆ ಆ ಲಿಫ್ಟು ಹೇಗೆ ಓಡುತ್ತೆ ಅಂತ ಹೇಳ್ತಿದ್ದೆ. ನಾನು ಬಾಗಿಲ ಹತ್ರ ನಿಂತು ಯೋಚನೆ ಮಾಡಿದ್ದು ಒಂದೇ. ಇವನು ಇನ್ನೂ ಮೂರನೇ ಮೆಟ್ಟಿಲಿನಲ್ಲಿದ್ದಾನೆ. ಆ ಬಾಗಿಲು ಇವನಿಗೆ ತೆಗೀಲೇಬೇಕು. ಅಷ್ಟು ದೂರ ಇವನನ್ನ ನಾನೇ ಕೂರಿಸಿದ್ದು, ನಾನೇ ಮುಟ್ಟಿಸ್ಬೇಕು. ಹುಚ್ಚಿ ಅನ್ನು. ಆದ್ರೆ ಆ ಹೊತ್ತಿಗೆ ನನ್ನ ಕೈಯಲ್ಲಿ ಕೊಡೋಕೆ ಇದ್ದಿದ್ದು ಅದೊಂದೇ ಕಣೋ, ಮೆಟ್ಟಿಲು. ಬೇರೆ ಏನೂ ಇರಲಿಲ್ಲ.

ಅಂಗಿ ಹಾಕ್ಕೋ. ಮೈ ಎಲ್ಲ ಮುಳ್ಳು ಎದ್ದಿದೆ. ಹಾಕ್ಕೋ ಚಿನ್ನ.

ಏನು ಹುಡುಕ್ತಿದ್ದೀಯ? ಚಿಲಕನ ಮೆಟ್ಟಿಲ ಲೆಕ್ಕ ಬರೆಯೋ ಹಾಳೆನಾ? ಇಲ್ಲೇ ಇದೆ, ಕತ್ತರಿ ಕೆಳಗೆ. ಪೆನ್ಸಿಲ್ಲು... ರಬ್ಬರ್ರಾ? ರಬ್ಬರ್ ಯಾಕೆ ಈಗ? ತಗೋ.

ಅರೆ. ಎಂಟು ಯಾಕೆ ಅಳಿಸ್ತಿದ್ದೀಯ?

ನಿಲ್ಲು. ಇದನ್ನೂ ಅಳಿಸ್ತೀಯಾ? ನೋಡದೆ ಬೀಗದ ಗುಟ್ಟು ತಿಳಿಯೋದು ಅದು, ಎಂಟಕ್ಕೆ ಬರೋದು. ಇದು ಏಳಕ್ಕೆ ಕೊಟ್ಟಿದ್ದು... ಹಾಳೆ ಹರಿಯುತ್ತೆ, ಮೆಲ್ಲಗೆ. ಆರು. ಐದರಲ್ಲಿ ಕತ್ತಲಲ್ಲಿ ಕಣ್ಣು ಕಾಣೋದು ಕಲಿತಿದ್ದೆಯಲ್ಲ, ಅದಾದ್ರೂ ಇರಲಿ. ಬೇಡ್ವಾ? ಲೋ, ನಾನು ಕಷ್ಟಪಟ್ಟು ಕೊಟ್ಟಿದ್ದು ಕಣೋ ಅದೆಲ್ಲ. ಬಾಗಿಲು ಹತ್ತಕ್ಕೆ ತೆಗೆದುಕೊಳ್ಳೋದು, ನಿಂಗೆ ಹತ್ತು ಬೇಡ್ವಾ? ನೀನು ಹೀಗೆ ಕೆಳಗೆ ಇಳಿದ್ರೆ ಅಲ್ಲಿಗೆ ಮುಟ್ಟೋಕೆ... ಮುಟ್ಟೋಕೆ ಆಗಲ್ಲ ಅಂತ ಗೊತ್ತಲ್ವಾ ನಿಂಗೆ?

ಗೊತ್ತು ಅಂತೀಯ.

ಮೂರು ಅಂತ ಬರೆದ್ಯಾ. ಎಷ್ಟು ದುಂಡಗೆ ಬರೆದಿದ್ದೀಯ.

ದಾಳ ಯಾಕೆ ತಗೊಂಡೆ? ಈಗಲೇನಾ? ಅವರಿಬ್ಬರೂ ಇಲ್ಲ, ನಾವಿಬ್ಬರೇನಾ? ನಂಗೆ ಅಳ್ತಾ ಕಥೆ ಹೇಳೋಕೆ ಬರಲ್ಲ ಕಣೋ. ತಡಿ. ಸೆರಗು... ಯಾವುದೋ ಚೂರು ಬಟ್ಟೆ ಕೊಡು, ಮೂಗು ಒರೆಸ್ಕೊಳ್ತೀನಿ. ನಗಬೇಡ, ಗಿರಾಕಿ ಬಟ್ಟೆ ಅಲ್ಲ ಇದು.

ಸರಿ. ಚಿಲಕ ಬೆಟ್ಟ ಇಳಿದು ಊರ ಕಡೆ ಬರ್ತಾನೆ. ಮೂರನೇ ಮೆಟ್ಟಿಲಿನೋನು, ಕೈ ಇನ್ನೂ ಪಳಗಿಲ್ಲ. ಹಿಡಿದ ತಂತಿ ಒಂದು ಕಡೆ ಹೋದ್ರೆ ಬೀಗ ಒಂದು ಕಡೆ. ಹೊತ್ತು ಇಳಿಮುಖ ಆಗಿದೆ. ಯಾವುದೋ ಮನೆ ಹಿತ್ತಲಲ್ಲಿ ಒಬ್ಬಳು ಮುದುಕಿ ಕೋಳಿಗೂಡಿನ ಮುಂದೆ ಕೂತಿದ್ದಾಳೆ. ಬೀಗದಕೈ ಕಳ್ಕೊಂಡಿದ್ದಾಳೆ. ಒಳಗೆ ಕೋಳಿಗಳು ಗಲಾಟೆ ಮಾಡ್ತಿವೆ. ಇವನನ್ನ ನೋಡಿ, ಬರುತ್ತಾ ಮಗ ನಿಂಗೆ ಅಂತ ಕೇಳ್ತಾಳೆ.

ಹೂಂ, ತುಕ್ಕು ಇದೆ. ತುಂಬ ಇದೆ. ಒಳಗೆ ಎಷ್ಟು ಹಲ್ಲು ಅಂತ ಹೊರಗಿಂದ ಗೊತ್ತಾಗಲ್ಲ. ಕೊನೇ ಸಲ ಹಾಕಿದ್ದು ಅವಳೇ, ಸಿಟ್ಟೂ ಇಲ್ಲ ಭಯಾನೂ ಇಲ್ಲ, ದಿನಾ ಸಂಜೆ ಹಾಕೋ ಹಾಗೆ ಹಾಕಿದ್ದು. ಏನು ದೊಡ್ಡ ಬೀಗ ಅಲ್ಲ ಕಣೋ. ಆದ್ರೆ ಮೂರನೇ ಮೆಟ್ಟಿಲಿನ ಕೈಗೆ ಹೊತ್ತು ಹಿಡಿಯುತ್ತೆ.